ಧಣಿಗಳ ಕೊಳಕ್ಕೆ ಚಳಿಯಂತೆ

ಹಾಟ್ ಟಬ್ಬಿನ ನೀರು 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಟಬ್ಬು ಮಾಡುವವರೇ ಚೀಟಿ ಅಂಟಿಸಿ ಹೇಳುವ ಮಾತಿದು. ದಾಟಿದರೆ ತಲೆ ಸುತ್ತುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಗರ್ಭಿಣಿಯರು ಮತ್ತು ಸಣ್ಣ ಮಕ್ಕಳಂತೂ ಹತ್ತಿರ ಸುಳಿಯಬಾರದು.

ರಾಯಚೂರು ಏಪ್ರಿಲ್ ಬಂತೆಂದರೆ 40 ದಾಟುತ್ತದೆ. ಮೇ ತಿಂಗಳಲ್ಲಿ 43, 44. ಇಲ್ಲಿ ಗರ್ಭಿಣಿಯರೂ ಇದ್ದಾರೆ, ಮಕ್ಕಳೂ ಇದ್ದಾರೆ. ಚೀಟಿ ಅಂಟಿಸುವವರು ಮಾತ್ರ ಇಲ್ಲ.

ಗಾಳಿಯ ಬಿಸಿ ಬೇರೆ, ನೀರಿನ ಬಿಸಿ ಬೇರೆ ಎಂದು ತಿಳಿದವರು ತಿದ್ದಬಹುದು. ತಿದ್ದಲಿ. ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಮಾಳಿಗೆ ಮೇಲಿನ ಕರಿ ಸಿಂಟೆಕ್ಸಿನ ನಲ್ಲಿ ತಿರುವಿ ಕೈ ಒಡ್ಡಲಿ. ಆಮೇಲೆ ಮಾತಾಡೋಣ.

ಇಂಥ ಊರಿನಲ್ಲಿ ಈಗ ಒಂದು ಗಂಭೀರ ಸಮಸ್ಯೆ ಎದ್ದಿದೆ. ಮನೆಯ ಈಜುಕೊಳದ ಹೀಟರ್ ಸುಟ್ಟುಹೋಗಿದೆ. ಮುಂದೆ ಯಾವುದು ಹಾಕಿಸುವುದು?

ಯಾರ ಮನೆ ಎಂದು ಕೇಳಬೇಡಿ. ಹೆಸರು ಹೇಳಿದರೆ ಒಬ್ಬರಿಗೆ ಸಿಟ್ಟು ಬರುತ್ತದೆ. ಹೇಳದಿದ್ದರೆ ಹತ್ತು ಜನ, ನನಗೇ ಅಂದದ್ದು ಎಂದು ಹಲ್ಲು ಕಡಿಯುತ್ತಾರೆ. ಹತ್ತು ಜನರೇ ಕಡಿಯಲಿ. ಧಣಿ ಎಂದು ಕರೆಯೋಣ. ಮನೆ ರಾಯಚೂರಿನ ಹೊರಗಿನ ಹೊಸ ಲೇಔಟಿನಲ್ಲಿ. ಮೂಲ ದೇವದುರ್ಗ. ಗದ್ದೆ ಮಾನ್ವಿ ಕಡೆ. ಸಂಪಾದನೆ ಎಲ್ಲಿಯದು ಎಂಬುದು ಕೃಷ್ಣೆಯ ದಂಡೆಗೆ ಗೊತ್ತು, ರಾತ್ರಿ ಹೊತ್ತು ಓಡಾಡುವ ಟಿಪ್ಪರುಗಳಿಗೆ ಗೊತ್ತು.

ದೇವದುರ್ಗ ಎಂದರೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿದ ಊರು. ಧಣಿಗೆ ಆ ಪಟ್ಟಿ ಬಾಯಿಪಾಠ. ಮೈಕು ಸಿಕ್ಕರೆ ಮೊದಲು ಬರುವುದು ಅದೇ. ಹಿಂದುಳಿದಿರುವುದು ನಮ್ಮ ಕಡೆ ಒಳ್ಳೆಯ ಬಂಡವಾಳ. ಮುಂದೆ ಹೋದವರೆಲ್ಲ ಅದನ್ನೇ ಹೂಡಿ ಮುಂದೆ ಹೋದರು.

ಕೊಳ ದೊಡ್ಡದೇನಲ್ಲ ಎಂಬುದು ಧಣಿಯ ವಿನಯ. ಎಂಟು ಮೀಟರ್ ಉದ್ದ, ನಾಲ್ಕು ಅಗಲ, ಒಂದೂವರೆ ಆಳ. ಪಕ್ಕದಲ್ಲೇ ಟಬ್ಬು, ಒಂದೂವರೆ ಸಾವಿರ ಲೀಟರಿನದು. ಕೊಳಕ್ಕೆ ಹಿಡಿಯುವುದು 48,000 ಲೀಟರ್.

ಜಲಜೀವನ್ ಮಿಷನ್ ಹಳ್ಳಿಯ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತು ಮಾಡಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಮನೆ ಮನೆಗೆ ಗಂಗೆ ಎಂದು ಹೆಸರು. ಆ ಲೆಕ್ಕದಲ್ಲಿ ಧಣಿಯ ಕೊಳ 870 ಜನರ ಒಂದು ದಿನದ ಗಂಗೆ. ಗಂಗೆ ಮನೆಗೆ ಬಂದಿರುವುದಂತೂ ನಿಜ. ಒಂದೇ ಮನೆಗೆ ಬಂದುಬಿಟ್ಟಿದ್ದಾಳೆ.

ಹೀಟರ್ ಯಾಕೆ ಸುಟ್ಟಿತು? ಇದನ್ನು ನೋಡಲೇಬೇಕು. ಸ್ಟೇಷನ್ ರಸ್ತೆ ಕಡೆಯ ಅಂಗಡಿಯಿಂದ ರಿಪೇರಿ ಹುಡುಗ ಬಂದ. ನಾಲ್ಕು ಬೋಲ್ಟು ಬಿಚ್ಚಿ ಮುಚ್ಚಳ ತೆಗೆದ. ಎಲಿಮೆಂಟ್ ಎಳೆದರೆ ಬರಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದ. ಬಿಳಿ ಸುಣ್ಣದ ಹೆಕ್ಕಳಿಕೆ ಚಕ್ಕೆ ಚಕ್ಕೆಯಾಗಿ ಟೈಲ್ಸಿನ ಮೇಲೆ ಉದುರಿತು. ನಮ್ಮ ಬೋರಿನ ಸವುಳು ನೀರಿನ ಕೊಡುಗೆ. ಸುಣ್ಣ ಕಟ್ಟಿದ ಕಡ್ಡಿಯ ಬಿಸಿ ನೀರಿಗೆ ತಾಗುವುದಿಲ್ಲ. ಒಳಗೊಳಗೇ ಕಾದು ಕಡ್ಡಿಯೇ ಸುಡುತ್ತದೆ.

ಅಷ್ಟೇ ಅಲ್ಲ. ನೀರು ಹರಿಯುವುದು ನಿಂತರೆ ಹೀಟರ್ ತಾನಾಗಿ ಬಂದ್ ಆಗಲಿ ಎಂದು ಒಳಗೆ ಫ್ಲೋ ಸ್ವಿಚ್ ಇಟ್ಟಿರುತ್ತಾರೆ. ಇಲ್ಲಿ ಅದರ ಎರಡೂ ತುದಿಗೆ ಕೆಂಪು ವೈರಿನ ತುಂಡು ಸುತ್ತಿತ್ತು. ಮೇಲೆ ಕರಿ ಟೇಪು.

‘ಇದನ್ನ ಯಾರ್ ಹಾಕಿದ್ರೀ?’ ಹುಡುಗ ಕೇಳಿದ.

‘ಪದೇ ಪದೇ ಬಂದ್ ಆಗ್ತಿತ್ತಪ್ಪ. ಅದಕ್ಕ ನಮ್ಮ ಎಲೆಕ್ಟ್ರಿಷನ್ ಡೈರೆಕ್ಟ್ ಮಾಡ್ಯಾನ.’

‘ಫಿಲ್ಟರ್ ಕಟ್ಟಿಕೊಂಡಿತ್ತು ಅಣ್ಣಾರ. ನೀರೇ ಹೋಗ್ತಿದ್ದಿಲ್ಲ. ಫಿಲ್ಟರ್ ತೊಳದಿದ್ರ ಮುಗೀತಿತ್ತು.’

ಫಿಲ್ಟರ್ ಯಾರು ತೊಳೆಯುತ್ತಾರೆ? ಡೈರೆಕ್ಟ್ ಮಾಡುವುದು ಸುಲಭ. ಇದು ಧಣಿಯ ಮನೆಯ ಪದ್ಧತಿಯಷ್ಟೇ ಅಲ್ಲ, ಜಿಲ್ಲೆಯ ಆಡಳಿತದ ಪದ್ಧತಿ. ಎಚ್ಚರಿಸುವ ಯಂತ್ರ ಕೂಗಿದರೆ ಯಂತ್ರದ ಬಾಯಿ ಕಟ್ಟುವುದು.

2022ರ ಮೇ ಕೊನೆ, ಜೂನ್ ಮೊದಲ ವಾರ. ರಾಯಚೂರು ನಗರದ ನಲ್ಲಿಗಳಲ್ಲಿ ಕೊಳಕು ನೀರು ಬಂತು. ವಾಂತಿಭೇದಿಯಾಗಿ ಜನ ಸಾಲುಸಾಲಾಗಿ ಆಸ್ಪತ್ರೆ ಸೇರಿದರು. ಸತ್ತರು. ಆಮೇಲೆ ನೀರಿನ ಮಾದರಿ ತೆಗೆದರು. ಆಮೇಲೆ ತನಿಖೆಗೆ ಆದೇಶವಾಯಿತು. ಆಮೇಲೆ ಪರಿಹಾರ ಘೋಷಣೆಯಾಯಿತು. ಎಲ್ಲವೂ ಆಮೇಲೆ. ಮರುವರ್ಷದ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯ ಸರದಿ. ಕಲುಷಿತ ನೀರು ಕುಡಿದು ಊರಿನ ಎಷ್ಟೋ ಜನ ಹಾಸಿಗೆ ಹಿಡಿದರು. ಒಂದು ಮಗು ಹೋಯಿತು.

ಧಣಿಯ ಕೊಳದ ಪಕ್ಕ ಒಂದು ನೀಲಿ ಡಬ್ಬಿ ಇದೆ. ಅದರಲ್ಲಿ ಸಣ್ಣ ಗಾಜಿನ ನಳಿಗೆಗಳು, ಕೆಂಪು ಹಳದಿ ದ್ರಾವಣದ ಶೀಷೆಗಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆಳುಮಗ ಕೊಳದ ನೀರು ತುಂಬಿ ಬಣ್ಣ ನೋಡುತ್ತಾನೆ. ಕ್ಲೋರಿನ್ ಒಂದರಿಂದ ಮೂರು ಪಿಪಿಎಂ ಒಳಗಿರಬೇಕು. ಪಿಎಚ್ ಏಳೂವರೆ ಆಸುಪಾಸು. ಬಣ್ಣ ಸ್ವಲ್ಪ ಆಚೀಚೆ ಆದರೂ ಫೋನು ಹೋಗುತ್ತದೆ, ಪುಡಿ ಬರುತ್ತದೆ.

ನಲ್ಲಿಯ ತುದಿಯಲ್ಲಿ ಕನಿಷ್ಠ 0.2 ಪಿಪಿಎಂ ಕ್ಲೋರಿನ್ ಉಳಿದಿರಬೇಕು ಎಂದು ಕುಡಿಯುವ ನೀರಿನ ಭಾರತೀಯ ಮಾನಕ ಹೇಳುತ್ತದೆ. ನಿಮ್ಮ ಓಣಿಯ ನಲ್ಲಿಗೆ ನಳಿಗೆ ಹಿಡಿದು ಬಣ್ಣ ನೋಡಲು ಬಂದವರನ್ನು ನೀವು ಕೊನೆಯ ಸಲ ಯಾವಾಗ ಕಂಡಿರಿ? ಮೈ ಅದ್ದುವ ನೀರಿಗೆ ದಿನಕ್ಕೆರಡು ಪರೀಕ್ಷೆ. ಹೊಟ್ಟೆಗೆ ಇಳಿಯುವ ನೀರಿಗೆ ಪರೀಕ್ಷೆಯಾಗಬೇಕಾದರೆ ಯಾರಾದರೂ ಸಾಯಬೇಕು.

ಇರಲಿ. ಹೀಟರಿಗೆ ಬರೋಣ. ಊರಿಗೆ ಆತುರ ಅದರದ್ದು.

ಆಯ್ಕೆ ಮಾಡಲು ಸಭೆ ಸೇರಿತು. ಧಣಿ, ಧಣಿಯ ಭಾವಮೈದುನ, ಅಂಗಡಿಯವನು, ವಾಸ್ತು ಹೇಳುವವರು. ಕರೆಯದೆ ಹೋದ ನಾನು. ಕೊಳದ ನೀರು ಕಾಯಿಸಲು ಅಂಗಡಿಯವನ ಬಳಿ ನಾಲ್ಕೇ ದಾರಿ. ಕರೆಂಟು, ಗ್ಯಾಸು, ಬಿಸಿಲು, ಹೀಟ್ ಪಂಪು. ನಾಲ್ಕರಲ್ಲಿ ಒಂದನ್ನು ಆರಿಸಲು ನಾಲ್ಕು ಸಲ ಸಭೆ ಸೇರುವುದು ನಮ್ಮಲ್ಲಿ ಮಾತ್ರ ಸಾಧ್ಯ.

ಮೊದಲು ಕರೆಂಟು.

ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.16 ಯೂನಿಟ್ ಬೇಕು. ಇದನ್ನು ಯಾವ ಸರ್ಕಾರವೂ ಬದಲಿಸಲಾಗದು, ಯಾವ ಶಿಫಾರಸು ಪತ್ರವೂ ಇಳಿಸಲಾಗದು. ಡಿಸೆಂಬರಿನಲ್ಲಿ ಕೊಳದ ನೀರು 23ಕ್ಕೆ ಇಳಿಯಿತು ಎನ್ನಿ. ಧಣಿಗೆ 28 ಬೇಕು. ಐದು ಡಿಗ್ರಿ. ಲೆಕ್ಕ ಹಾಕಿದರೆ 280 ಯೂನಿಟ್. ಆರು ಕಿಲೋವಾಟಿನ ಹೀಟರ್ ಆದರೆ ಹತ್ತಿರ ಹತ್ತಿರ ಎರಡು ದಿನ ಹಗಲೂ ರಾತ್ರಿ ಉರಿಯಬೇಕು. ಮುಗಿಯಲಿಲ್ಲ. ಮತ್ತೆ ಒಂದು ಡಿಗ್ರಿ ಇಳಿದರೆ ಮತ್ತೆ 56 ಯೂನಿಟ್.

ಗೃಹಜ್ಯೋತಿ ಎಷ್ಟು ಕೊಡುತ್ತದೆ? ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್. ಅದೂ ಹಿಂದಿನ ಬಳಕೆಯ ಸರಾಸರಿಗೆ ಒಂದಿಷ್ಟು ಸೇರಿಸಿ, ಅಷ್ಟಕ್ಕೆ ಮಾತ್ರ. ದೇವದುರ್ಗದ ಹಳ್ಳಿಯ ಮುದುಕಿಯ ಮನೆಗೆ ಎರಡು ಬಲ್ಬು, ಒಂದು ಫ್ಯಾನಿನ ಸರಾಸರಿ ಬಂದಿದೆ. ಅವಳ ಜ್ಯೋತಿ ಅಲ್ಲಿಗೆ ನಿಲ್ಲುತ್ತದೆ. ಧಣಿಯ ಮನೆಗೆ ಮೂರು ಮೀಟರ್. ಕೆಳಗಿನದು ತಾಯಿಯ ಹೆಸರಿಗೆ, ಮೇಲಿನದು ಮಗನ ಹೆಸರಿಗೆ, ಹಿಂದಿನದು ಬಾಡಿಗೆದಾರರ ಹೆಸರಿಗೆ. ಬಾಡಿಗೆದಾರರನ್ನು ನಾವ್ಯಾರೂ ನೋಡಿಲ್ಲ. ಬಿಟ್ಟಿ ಭಾಗ್ಯಗಳಿಂದ ರಾಜ್ಯ ಹಾಳಾಯಿತು ಎಂದು ಧಣಿ ಬೈಯುವುದು ಆ ಮೂರು ಮೀಟರುಗಳ ಎದುರಿನ ಸೋಫಾದಲ್ಲಿ ಕುಳಿತೇ.

ಈ ಕರೆಂಟು ಬರುವುದಾದರೂ ಎಲ್ಲಿಂದ? ದೂರ ಹೋಗಬೇಡಿ. ಶಕ್ತಿನಗರದ ಆರ್‌ಟಿಪಿಎಸ್ ಉಷ್ಣ ವಿದ್ಯುತ್ ಕೇಂದ್ರ, 1985ರಿಂದ ಉರಿಯುತ್ತಿದೆ. ಎಂಟು ಘಟಕ, 1,720 ಮೆಗಾವಾಟ್. ಸಾಲದ್ದಕ್ಕೆ ಯರಮರಸಿನಲ್ಲಿ ಇನ್ನೂ 1,600. ಅಲ್ಲಿ ಕಲ್ಲಿದ್ದಲು ಸುಟ್ಟು ನೀರು ಕಾಯಿಸುತ್ತಾರೆ. ಆ ಹಬೆಯಿಂದ ಕರೆಂಟು ತೆಗೆಯುತ್ತಾರೆ. ಮೂರು ಪಾಲು ಬಿಸಿಯಲ್ಲಿ ಕರೆಂಟಾಗುವುದು ಸುಮಾರು ಒಂದು ಪಾಲು. ಉಳಿದ ಎರಡು ಪಾಲು ಚಿಮಣಿಗೆ, ಗಾಳಿಗೆ, ನೀರಿಗೆ. ಆ ಒಂದು ಪಾಲು ತಂತಿಯಲ್ಲಿ ಹರಿದು ಬಂದು ಧಣಿಯ ಮನೆಯಲ್ಲಿ ಏನು ಮಾಡುತ್ತದೆ? ನೀರು ಕಾಯಿಸುತ್ತದೆ.

ನೀರು ಕಾಯಿಸಿ ಕರೆಂಟು, ಕರೆಂಟಿನಿಂದ ನೀರು ಕಾಯಿಸುವುದು. ಆ 280 ಯೂನಿಟ್ಟಿಗೆ ನಡುವೆ ಸುಟ್ಟದ್ದು ಅಂದಾಜು ಎರಡು ಕ್ವಿಂಟಲ್ ಕಲ್ಲಿದ್ದಲು. ಬೂದಿ ಶಕ್ತಿನಗರದ ಸುತ್ತಲಿನ ಹಳ್ಳಿಗಳ ಹೊಲಕ್ಕೆ, ಮೂಗಿಗೆ. ಬಿಸಿ ಮಾತ್ರ ಕೊಳಕ್ಕೆ.

‘ಹಂಗಂದ್ರ ಗ್ಯಾಸ್ ಹಾಕಿಸ್ತೀನಿ’ ಎಂದರು ಧಣಿ.

ಗ್ಯಾಸ್ ಹೀಟರ್ ಬೇಗ ಕಾಯಿಸುತ್ತದೆ ನಿಜ. ಅತಿಥಿ ಬಂದ ಮೇಲೆ ಬೆಂಕಿ ಹಚ್ಚಿದರೂ ಟಬ್ಬಿನ ನೀರು ಚಹ ಮುಗಿಯುವುದರೊಳಗೆ ಹದಕ್ಕೆ ಬರುವಂಥವು ಇವೆ. ಆದರೆ ಕೊಳವನ್ನು ಐದು ಡಿಗ್ರಿ ಏರಿಸಲು 14.2 ಕಿಲೋ ಸಿಲಿಂಡರ್ ಹತ್ತಿರ ಹತ್ತಿರ ಎರಡು ಖಾಲಿಯಾಗುತ್ತವೆ. ಒಂದು ಸಂಸಾರ ಒಂದು ಸಿಲಿಂಡರನ್ನು ತಿಂಗಳಿಗೂ ಹೆಚ್ಚು ಎಳೆಯುತ್ತದೆ. ಉಜ್ವಲಾ ಯೋಜನೆಯಲ್ಲಿ ಸಿಲಿಂಡರ್ ಪಡೆದ ಎಷ್ಟೋ ಮನೆಗಳಲ್ಲಿ ಅದು ಮೂಲೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ನಿಂತಿದೆ. ಸ್ನಾನದ ಹಂಡೆಯ ಕೆಳಗೆ ಉರಿಯುವುದು ಈಗಲೂ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ.

‘ನೀಲಿ ಸಿಲಿಂಡರ್ ತರಿಸಬೇಕಾಗ್ತದ ನೋಡ್ರಿ, ಕಮರ್ಷಿಯಲ್’ ಎಂದೆ.

‘ಯಾಕ್ರೀ? ಕೊಳ ಮನಿ ಒಳಗs ಅದ. ಗೃಹಬಳಕೆನೇ ಆಯ್ತಲ್ಲ.’

ವಾದಕ್ಕೆ ಉತ್ತರವಿಲ್ಲ.

ಬಿಸಿಲಿನ ಮಾತು ಬಂತು. ಬಂದಷ್ಟೇ ಬೇಗ ಹೋಯಿತು.

ನಮ್ಮದು ಬಿಸಿಲನಾಡು. ಸ್ಮರಣ ಸಂಚಿಕೆಯಿಂದ ಹಿಡಿದು ಆಟೋದ ಹಿಂಬದಿಯವರೆಗೆ ಬರೆದುಕೊಂಡಿದ್ದೇವೆ. ಕೊಳಕ್ಕೆ ಹಾಕುವ ಸೋಲಾರ್ ಹೀಟರ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಮಾಳಿಗೆ ಮೇಲೆ ಕರಿ ಕೊಳವೆಗಳ ಹಾಸು. ಕೊಳದ ಪಂಪಿನಿಂದಲೇ ನೀರು ಮೇಲೆ ಹತ್ತಿ, ಬಿಸಿಲು ಕುಡಿದು, ಕೆಳಗಿಳಿಯುತ್ತದೆ. ಕೊಳದ ಅರ್ಧದಿಂದ ಪೂರ್ತಿ ವಿಸ್ತೀರ್ಣದಷ್ಟು ಹಾಸು ಇದ್ದರೆ ನಮ್ಮ ಚಳಿಗಾಲ ಯಾವ ಲೆಕ್ಕ? ಜನವರಿಯಲ್ಲೂ ಹಗಲು 30 ಡಿಗ್ರಿಯ ಆಸುಪಾಸು ಇರುವ ಊರಿದು. ಇಂಧನದ ಖರ್ಚು ಸೊನ್ನೆ.

ಖರ್ಚು ಸೊನ್ನೆ ಎಂದದ್ದೇ ತಪ್ಪಾಯಿತು. ಧಣಿಯ ಮುಖ ಸಪ್ಪಗಾಯಿತು. ಬಿಸಿಲು ಎಲ್ಲರಿಗೂ ಬೀಳುತ್ತದೆ. ಹತ್ತಿ ಬಿಡಿಸುವ ಹೆಣ್ಣುಮಗಳಿಗೂ ಬೀಳುತ್ತದೆ. ಅಂಥದ್ದರಿಂದ ಧಣಿಯ ಕೊಳ ಕಾಯುವುದೆಂದರೆ ಏನು ಮರ್ಯಾದೆ?

‘ಮಾಳಿಗಿ ಮ್ಯಾಲ ಜಾಗ ಇಲ್ಲ’ ಎಂದರು ಭಾವಮೈದುನ. ಜಾಗ ಯಾಕಿಲ್ಲವೆಂದರೆ ಅಲ್ಲಿ ಈಗಾಗಲೇ ಸೂರ್ಯ ಘರ್ ಯೋಜನೆಯ ಪ್ಯಾನಲ್ಲುಗಳು ಕುಳಿತಿವೆ. 3 ಕಿಲೋವಾಟಿಗೆ ಕೇಂದ್ರದ 78,000 ರೂಪಾಯಿ ಸಹಾಯಧನ. ಬಿಸಿಲಿಗೆ ಮರ್ಯಾದೆಯಿಲ್ಲ. ಬಿಸಿಲಿನ ಸಬ್ಸಿಡಿಗೆ ಇದೆ.

ನಾಲ್ಕನೆಯದು ಹೀಟ್ ಪಂಪು. ಬುದ್ಧಿ ಇದ್ದವರು ಆರಿಸಬೇಕಾದದ್ದು ಇದನ್ನೇ. ನಿಮ್ಮ ಮನೆಯ ಏಸಿಯನ್ನು ತಿರುವು ಮುರುವು ಮಾಡಿದ ಯಂತ್ರ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ನಾಲ್ಕೈದು ಯೂನಿಟ್ಟಿನಷ್ಟು ಬಿಸಿ. 280ರ ಕೆಲಸ 70ರೊಳಗೆ ಮುಗಿಯುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ ಅದರ ಕೆಲಸ ಸಲೀಸು. ರಾಯಚೂರಿನ ಗಾಳಿಗಿಂತ ಬೆಚ್ಚನೆಯ ಗಾಳಿಯನ್ನು ಅದಕ್ಕೆ ಇನ್ನೆಲ್ಲಿಂದ ತರುವುದು? ಒಂದೇ ಕುಂದು, ನಿಧಾನ. ಟಬ್ಬಿಗೆ ಕೂಡಲೇ 39 ಬೇಕೆಂದರೆ ಸಣ್ಣದೊಂದು ಕರೆಂಟ್ ಹೀಟರ್ ಜೊತೆಗಿಡಬೇಕು. ಟಬ್ಬಿಗೆ 30 ಯೂನಿಟ್ಟಿನೊಳಗೆ ಕೆಲಸ ಮುಗಿಯುತ್ತದೆ. ನೀರು ಸವುಳಾದ್ದರಿಂದ ಒಳಗಿನ ಸುರುಳಿ ಬರೀ ತಾಮ್ರದ್ದಾಗದೆ ಟೈಟಾನಿಯಂನದ್ದಾದರೆ ಬಾಳಿಕೆ. ಇಷ್ಟೇ.

ಇಷ್ಟು ಹೇಳಿದ್ದಕ್ಕೆ ಅಂಗಡಿಯವನು ಕ್ಯಾಟಲಾಗು ತೆಗೆದ. ಮೇಲ್ದರ್ಜೆಯ ಮಾಡೆಲ್ಲಿಗೆ ಇನ್ನೊಂದು ವಿಶೇಷ ಸೌಲಭ್ಯವಿದೆಯಂತೆ. ಹೊರಗಿನ ಚಳಿ ಸೊನ್ನೆಯ ಹತ್ತಿರ ಬಂದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟದಂತೆ ಯಂತ್ರ ತಾನಾಗಿ ಚಾಲೂ ಆಗುತ್ತದೆ.

ಧಣಿ ಕೇಳಿದರು: ‘ಅದು ಬೇಕಾಗ್ತದೇನು?’

ಅಂಗಡಿಯವನು ಹೇಳಿದ: ‘ಇರಲಿ ಬಿಡ್ರಿ ಸಾಹುಕಾರ್ರ. ಹೈದರಾಬಾದ್ ಪಾರ್ಟಿ ಎಲ್ಲಾರೂ ಅದನ್ನs ಹಾಕಿಸ್ಯಾರ.’

ಹಾಕಿಸಿಕೊಂಡರು. ರಾಯಚೂರಿನಲ್ಲಿ ನೀರು ಹೆಪ್ಪುಗಟ್ಟದಂತೆ ತಡೆಯುವ ಯಂತ್ರಕ್ಕೆ ದುಡ್ಡು ಕೊಟ್ಟ ಮನುಷ್ಯ ಊರಿನ ಅಭಿವೃದ್ಧಿಗೆ ಸಲಹೆ ಕೊಡುತ್ತಾನೆ. ನಾವು ಕೇಳುತ್ತೇವೆ.

ನಾನು ಕೊನೆಗೊಂದು ಮಾತು ಹೇಳಿ ನೋಡಿದೆ. ಹೀಟರ್ ಯಾವುದೇ ಇರಲಿ, ಮೊದಲು ಕೊಳಕ್ಕೊಂದು ಹೊದಿಕೆ ಕೊಳ್ಳಿ. ತೆರೆದ ಕೊಳದ ಬಿಸಿ ಹೆಚ್ಚಾಗಿ ಕಳೆದುಹೋಗುವುದು ಆವಿಯಾಗಿ. ರಾತ್ರಿ ಒಂದು ಹಾಳೆ ಎಳೆದು ಮುಚ್ಚಿದರೆ ಬಿಸಿಯೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ನಮ್ಮ ಬೇಸಿಗೆಯ ಒಣಗಾಳಿಗೆ ಆ ಕೊಳದಿಂದ ದಿನಕ್ಕೆ ಇನ್ನೂರು ಲೀಟರಿಗೂ ಹೆಚ್ಚು ಸುಮ್ಮನೆ ಹಾರಿಹೋಗುತ್ತದೆ. ಹೀಟರಿನ ಬೆಲೆಯ ಮುಂದೆ ಹೊದಿಕೆಯ ಬೆಲೆ ಏನೂ ಅಲ್ಲ.

‘ಮುಚ್ಚಿಟ್ರ ಹೆಂಗ್ರೀ? ಬಂದೋರಿಗೆ ಕಾಣಬೇಕಲ್ಲ.’

ಇದಕ್ಕಿಂತ ಪ್ರಾಮಾಣಿಕ ಮಾತನ್ನು ಆ ಮನೆಯಲ್ಲಿ ನಾನು ಕೇಳಿಲ್ಲ.

ವಾಸ್ತುವಿನವರು ಸುಮ್ಮನಿರಲಿಲ್ಲ. ನೀರು ಈಶಾನ್ಯದಲ್ಲಿರಬೇಕು, ಇದೆ. ಬೆಂಕಿ ಆಗ್ನೇಯದಲ್ಲಿರಬೇಕು, ಇಲ್ಲ. ಹೀಟರನ್ನು ಕೊಳದ ಪಕ್ಕದಲ್ಲೇ ಇಟ್ಟದ್ದರಿಂದಲೇ ಸುಟ್ಟದ್ದು. ಸುಣ್ಣದ ಹೆಕ್ಕಳಿಕೆ, ಕೆಂಪು ವೈರು, ಕರಿ ಟೇಪು ಎಲ್ಲವೂ ಒಂದೇ ಮಾತಿಗೆ ನಿರ್ದೋಷಿಗಳಾದವು. ಹೊಸ ಯಂತ್ರ ಆಗ್ನೇಯ ಮೂಲೆಗೆ. ಅಲ್ಲಿಂದ ಕೊಳದವರೆಗೆ ಕಾಂಪೌಂಡಿನ ಗುಂಟ ಪೈಪು. ಕಾದ ನೀರು ಅಷ್ಟು ದೂರ ಬರುವಷ್ಟರಲ್ಲಿ ದಾರಿಯುದ್ದಕ್ಕೂ ಬಿಸಿ ಚೆಲ್ಲಿಕೊಂಡು ಬರುತ್ತದೆ. ಪೈಪಿಗೆ ಸುತ್ತುವ ಫೋಮಿನ ದುಡ್ಡು ಉಳಿಸಿದರು. ಹೆಪ್ಪುಗಟ್ಟದ ಯಂತ್ರಕ್ಕೆ ಕೊಟ್ಟಾಗಿತ್ತಲ್ಲ.

ಆ ಕಾಂಪೌಂಡಿನ ಆಚೆ ಒಂದು ಸಾಲು ತಗಡಿನ ಮನೆಗಳಿವೆ. ಅಲ್ಲಿಯ ಹೆಂಗಸರು ಹೊಸ ಪೈಪು ಇಳಿಸುವುದನ್ನು ಕಂಡು ಖುಷಿಪಟ್ಟರು. ಓಣಿಗೆ ನೀರಿನ ಲೈನು ಬಂತು ಎಂದುಕೊಂಡರು ಪಾಪ.

ಟಬ್ಬು ಯಾಕೆ ಬೇಕಿತ್ತು ಎಂಬ ಪ್ರಶ್ನೆಗೂ ಉತ್ತರವಿದೆ. ಸೊಂಟನೋವು. ಹೈದರಾಬಾದಿನ ಡಾಕ್ಟರ್ ಬಿಸಿನೀರಿನಲ್ಲಿ ಕೂರಲು ಹೇಳಿದ್ದಾರೆ. ಸುಳ್ಳಲ್ಲ, ಇದರ ಹುಟ್ಟೇ ಹಾಗೆ. ಅಮೆರಿಕಕ್ಕೆ ವಲಸೆ ಹೋದ ಇಟಲಿಯ ಜಕೂಝಿ ಕುಟುಂಬದವರು ಪಂಪು ಮಾಡುತ್ತಿದ್ದವರು. ಮನೆಯ ಹುಡುಗನಿಗೆ ಸಂಧಿವಾತ ಬಂತು. ಅವನಿಗಾಗಿ ಸ್ನಾನದ ತೊಟ್ಟಿಯಲ್ಲಿ ನೀರು ಚಿಮ್ಮಿಸುವ ಪಂಪು ಮಾಡಿದರು. ಅದೇ ಮುಂದೆ ಶ್ರೀಮಂತರ ಹಿತ್ತಲಿಗೆ ಬಂತು.

ಸೊಂಟನೋವು ರಾಯಚೂರಿನಲ್ಲಿ ಧಣಿಗೊಬ್ಬರಿಗೇ ಇಲ್ಲ. ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವರಿಗೂ ಇದೆ. ಫ್ಲೋರೈಡ್ ನೀರು ಕುಡಿದು ಮೂಳೆ ಬಿಗಿದುಕೊಂಡವರಿಗೂ ಇದೆ. ಅವರಿಗಾಗಿ ಏಮ್ಸ್ ಕೊಡಿ ಎಂದು 2022ರ ಮೇ 13ರಿಂದ ರಾಯಚೂರಿನಲ್ಲಿ ಧರಣಿ ಕುಳಿತರು. ಸಾವಿರ ದಿನವೂ ದಾಟಿತು. ಧಣಿಯೂ ಶಾಮಿಯಾನಕ್ಕೆ ಹೋಗಿದ್ದರು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಕುರಿತು ಆವೇಶದಿಂದ ಮಾತಾಡಿದರು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, ಕಲ್ಯಾಣ ಎಲ್ಲಿ ಎಂದು ಗುಡುಗಿದರು. ಫೋಟೊ ಆಯಿತು. ಅಲ್ಲಿಂದ ನೇರ ಹೈದರಾಬಾದಿಗೆ, ಸೊಂಟ ತೋರಿಸಲು.

ಮಾನ್ವಿಯ ಗದ್ದೆಯ ಕಥೆಯನ್ನೂ ಹೇಳಿಬಿಡುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದವರ ಪಾಡು ಹೊಸದಲ್ಲ. 104ನೇ ಮೈಲಿನಲ್ಲಿ ನೀರಿನ ಗೇಜ್ ಎಷ್ಟಿದೆ ಎಂಬುದೇ ಅವರ ಪಂಚಾಂಗ. ಮೇಲ್ಭಾಗದವರು ಕಾಲುವೆಗೆ ಪೈಪು ಇಳಿಸಿ ಎಳೆದುಕೊಳ್ಳುತ್ತಾರೆ. ಕೆಳಗಿನವರು ರಸ್ತೆಗೆ ಅಡ್ಡ ಕೂರುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಎರಡು ನದಿಗಳ ನಡುವಿನ ಇಡೀ ದೋಆಬ್ ಎದೆ ಹಿಡಿದುಕೊಂಡು ಕೂತಿತು. ಧಣಿಯೂ ಮಾನ್ವಿಯಲ್ಲಿ ರಸ್ತೆತಡೆಗೆ ಕೂತವರೇ. ಒಂದೊಂದು ಹನಿಗೂ ಲೆಕ್ಕ ಕೊಡಿ ಎಂದು ಅಧಿಕಾರಿಯ ಕೊರಳಪಟ್ಟಿಗೆ ಕೈ ಹಾಕುವುದೊಂದು ಬಾಕಿಯಿತ್ತು.

ಹನಿ ಹನಿಗೆ ಲೆಕ್ಕ ಕೇಳಿದ ಕೈಯೇ ಮನೆಗೆ ಬಂದು ಕೊಳದ ಹೊದಿಕೆ ಬೇಡ ಎಂದಿತು.

ಈಜಬೇಕೆಂದರೆ ಈ ಊರಿಗೆ ಕೊಳ ಬೇಕಿತ್ತೇ? ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಊರೊಳಗೆ ಖಾಸ್ ಬಾವಿ, ಮಾವಿನಕೆರೆ. ಹಿಂದಿನವರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕಿ ಈಜು ಕಲಿತರು. ಈಗ ಮಾವಿನಕೆರೆಗೆ ಕಾಲಿಟ್ಟರೆ ಮೊದಲು ಚರ್ಮದ ಡಾಕ್ಟರನ್ನು ಹುಡುಕಬೇಕು. ಐಸ್‌ಲ್ಯಾಂಡಿನಲ್ಲಿ ಭೂಮಿಯೊಳಗಿನ ಬಿಸಿನೀರಿನಿಂದ ಕೊಳ ಕಾಯಿಸುತ್ತಾರೆ. ಅಲ್ಲಿ ಚಳಿಯಿದೆ, ಆದ್ದರಿಂದ ಕಾಯಿಸುತ್ತಾರೆ. ಅವು ಊರವರ ಕೊಳಗಳು, ಆದ್ದರಿಂದ ಊರೇ ಈಜುತ್ತದೆ. ನಮ್ಮಲ್ಲಿ ಊರ ಕೆರೆಗೆ ಚರಂಡಿ ಬಿಟ್ಟು ಮನೆಯ ಕೊಳಕ್ಕೆ ಹೀಟರ್ ಹಾಕುತ್ತೇವೆ.

ನಾಲ್ಕು ಸಭೆ ಮುಗಿದು, ವಾಸ್ತು ಮುಗಿದು, ಪೈಪು ಮುಗಿದು ಹೊಸ ಹೀಟ್ ಪಂಪು ಕೂತದ್ದು ಮಾರ್ಚಿನಲ್ಲಿ. ಅಷ್ಟೊತ್ತಿಗೆ ಚಳಿ ಎಂಬುದು ಕ್ಯಾಟಲಾಗಿನಲ್ಲಿ ಮಾತ್ರ ಉಳಿದಿತ್ತು. ಧಣಿ ನೀರಿಗೆ ಕಾಲಿಟ್ಟು ಹೌಹಾರಿದರು. ಬಿಸಿ! ಅಂಗಡಿಯವನಿಗೆ ಫೋನು. ಅವನು ನಗುತ್ತ ಹೇಳಿದ, ಇದೇ ಯಂತ್ರಕ್ಕೆ ನೀರು ತಣ್ಣಗೆ ಮಾಡುವ ಮಾಡೆಲ್ಲೂ ಬರುತ್ತದೆ. ನೀವು ಕೊಂಡದ್ದು ಅದಲ್ಲ. ಅದರ ರೇಟು ಬೇರೆ.

ಈಗ ಕೊಳ ತಣ್ಣಗೆ ಮಾಡಲು ಸಭೆ ಸೇರುತ್ತಿದೆ.

ನಡುವೆ ಇನ್ನೊಂದು ಕೆಲಸ ನಡೆಯಿತು. ಪೈಪಿನ ದಿಕ್ಕು ಬದಲಿಸುವಾಗ ಕೊಳವನ್ನು ಪೂರ್ತಿ ಖಾಲಿ ಮಾಡಬೇಕಾಗಿ ಬಂದಿತ್ತು. 48,000 ಲೀಟರ್ ಚರಂಡಿಗೆ ಹೋಯಿತು. ಮರಳಿ ತುಂಬಿಸಲು ಬೋರಿನಲ್ಲಿ ನೀರಿಲ್ಲ. ಮಾರ್ಚ್ ಬಂದರೆ ಎಲ್ಲರ ಬೋರೂ ಅಷ್ಟೇ. ಟ್ಯಾಂಕರ್ ಬೇಕು. ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಹತ್ತು ಸಲ ಬರಬೇಕು.

ಟ್ಯಾಂಕರಿಗೆ ಪರದಾಡಬೇಕಾದವರು ನಾವು. ಧಣಿಗೇನು? ಬೇಸಿಗೆಯಲ್ಲಿ ಬಡಾವಣೆಗಳಿಗೆ ಕುಡಿಯುವ ನೀರು ಕೊಡುವ ಗುತ್ತಿಗೆ ಭಾವಮೈದುನನದೇ. ರಾತ್ರಿ ಹತ್ತು ಟ್ರಿಪ್ಪು ಬಂತು. ಬೆಳಗಾಗುವುದರೊಳಗೆ ಕೊಳ ತುಂಬಿತು. ಆಳುಮಗ ನಳಿಗೆ ಹಿಡಿದು ಬಣ್ಣ ನೋಡಿದ, ಪುಡಿ ಹಾಕಿದ.

ಟ್ಯಾಂಕರಿನ ಲಾಗ್ ಬುಕ್ಕೂ ಅಚ್ಚುಕಟ್ಟಾಗಿದೆ. ಹತ್ತು ಟ್ರಿಪ್, ಕುಡಿಯುವ ನೀರು, ಹಂಚಿದ ಜಾಗ ಕಾಂಪೌಂಡಿನ ಆಚೆಯ ತಗಡಿನ ಮನೆಗಳ ಓಣಿ. ಮನೆ ಮನೆಯವರ ಸಹಿ ಇದೆ. ಸಹಿ ಬಾರದವರ ಹೆಬ್ಬೆಟ್ಟೂ ಇದೆ.